ಹಳೆ ಲ್ಯಾಪ್‌ಟಾಪ್, ಹೊಸ ವಿಂಡೋಸ್: ಮಲೆನಾಡಿನ ಬಳಕೆದಾರರ ದೂರುಗಳ ಹಿಂದೆ ಏನಿದೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. 2015ರಿಂದ 2019ರ ನಡುವೆ ಕೊಂಡು ಇವತ್ತಿಗೂ ದುಡಿಯುತ್ತಿರುವ ಲ್ಯಾಪ್‌ಟಾಪುಗಳು ಶಿವಮೊಗ್ಗದ ಅಡಿಕೆ ಮಂಡಿಗಳಲ್ಲಿ, ಸಾಗರ, ತೀರ್ಥಹಳ್ಳಿಯ ಡಿಟಿಪಿ ಸೆಂಟರುಗಳಲ್ಲಿ, ಊರೂರಿನ ಸೊಸೈಟಿಗಳಲ್ಲಿ ಎಷ್ಟೋ ಇವೆ. ಅವುಗಳ ಬಗ್ಗೆ ಈಗ ಮೂರು ಮಾತು ಓಡಾಡುತ್ತಿವೆ. "ಇದು ಮುಗೀತು, ಹೊಸದೇ ತಗೊಳ್ಳಿ ಅಂದ್ರು." "ವಿಂಡೋಸ್ ಹನ್ನೊಂದು ಹಾಕ್ಸಿದ್ರೆ ಇನ್ನೂ ಸ್ಲೋ ಆಗ್ತದಂತೆ." "ಲಿನಕ್ಸ್ ಎಲ್ಲ ನಮ್ಮಂಥೋರಿಗಲ್ಲ ಮಾರಾಯ್ರೆ."

ಮೂರರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಬೈಗುಳ ಬೀಳುತ್ತಿರುವುದು ತಪ್ಪು ಜಾಗಕ್ಕೆ. ನಿಧಾನಕ್ಕೆ ಕಾರಣ ಹೆಚ್ಚಿನ ಸಲ ಡಿಸ್ಕು. ಫೈಲು "ಕಾಣೆಯಾಯ್ತು" ಎಂಬ ಇನ್ನೊಂದು ದೂರಿಗೆ ಕಾರಣ ಮೊದಲ ದಿನ ಯಾರೋ ಮಾಡಿಕೊಟ್ಟ ಖಾತೆ. ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸಿಗೆ ಹೋಗಲಾರದ್ದಕ್ಕೆ ಕಾರಣ ಪ್ರಿಂಟರು, ಡಿಜಿಟಲ್ ಸಹಿಯ ಟೋಕನ್ನು ಮತ್ತು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಿಸಿದ ಇಪ್ಪತ್ತು ವರ್ಷದ ಫೈಲುಗಳು. ಯಾವ ಆಪರೇಟಿಂಗ್ ಸಿಸ್ಟಂ ಎಂಬ ತೀರ್ಮಾನ ಇಷ್ಟನ್ನು ನೋಡಿದ ಮೇಲೆ ಬರಬೇಕು. ಈಗ ನಡೆಯುತ್ತಿರುವುದು ತಿರುವುಮುರುವು: ಮೊದಲು ತೀರ್ಮಾನ, ಆಮೇಲೆ ಪರದಾಟ.

ನಿಂತದ್ದು ಏನು, ಉಳಿದದ್ದು ಏನು

ವಿಂಡೋಸ್ 10 ಇರುವ ಲ್ಯಾಪ್‌ಟಾಪ್ ಎಂದಿನಂತೆ ಶುರುವಾಗುತ್ತದೆ, ಕೆಲಸವನ್ನೂ ಮಾಡುತ್ತದೆ. ನಿಂತಿರುವುದು ಹೊಸದಾಗಿ ಪತ್ತೆಯಾಗುವ ಭದ್ರತಾ ತೂತುಗಳನ್ನು ಮುಚ್ಚುವ ಕೆಲಸ. ಜೊತೆಗೇ ಬರುವ ಡಿಫೆಂಡರ್ ಆಂಟಿವೈರಸ್‌ಗೆ ಹೊಸ ವೈರಸ್‌ಗಳ ಗುರುತು 2028ರ ಅಕ್ಟೋಬರ್‌ವರೆಗೂ ಬರುತ್ತಿರುತ್ತದೆ. "ಆಂಟಿವೈರಸ್ ಅಪ್‌ಡೇಟ್ ಆಗ್ತಾ ಇದೆಯಲ್ಲ, ಮತ್ತೇನು?" ಎನ್ನುವವರು ಇದನ್ನು ನೋಡಿಯೇ ನೆಮ್ಮದಿಯಾಗಿರುತ್ತಾರೆ. ಆ ನೆಮ್ಮದಿ ಅರ್ಧದ್ದು. ಆಂಟಿವೈರಸ್ ಒಳಗೆ ಬಂದ ಫೈಲನ್ನು ಹಿಡಿಯಬಲ್ಲದು, ಸಿಸ್ಟಂನದೇ ತೂತನ್ನು ಮುಚ್ಚಲಾರದು. ಆಫೀಸ್ 2016 ಮತ್ತು 2019ರ ಬೆಂಬಲವೂ ಅದೇ ಅಕ್ಟೋಬರ್ 14ಕ್ಕೇ ಮುಗಿದಿದೆ. ಇಮೇಲಿನಲ್ಲಿ ಬಂದ ವರ್ಡ್, ಎಕ್ಸೆಲ್ ಫೈಲುಗಳನ್ನು ತೆರೆಯುತ್ತಲೇ ಇರುವ ಕಚೇರಿಗಳು ಇದನ್ನು ಹೆಚ್ಚು ಗಮನಿಸಬೇಕು.

ಮನೆಬಳಕೆಯ ಯಂತ್ರಗಳಿಗೆ ಒಂದು ವರ್ಷದ ಹೆಚ್ಚುವರಿ ಅವಧಿ ಇದೆ. ಅದಕ್ಕೆ ಘೋಷಿಸಿದ ಕೊನೆಯ ದಿನ 2026ರ ಅಕ್ಟೋಬರ್ 13. ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇದ್ದರೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಹೆಸರು ನೋಂದಾಯಿಸುವ ಕೊಂಡಿ ಕಾಣುತ್ತದೆ. ಸೆಟ್ಟಿಂಗ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಪುಕ್ಕಟೆ. ಬೇಡವೆಂದರೆ 1000 ರಿವಾರ್ಡ್ಸ್ ಅಂಕ ಇಲ್ಲವೇ 30 ಡಾಲರ್. ಹಣ ಕಟ್ಟಿದರೂ ಮೈಕ್ರೋಸಾಫ್ಟ್ ಖಾತೆ ಬೇಕೇ ಬೇಕು. ಆ ಯಂತ್ರದಲ್ಲಷ್ಟೇ ಇರುವ ಲೋಕಲ್ ಖಾತೆಯಿಂದ ನೋಂದಣಿ ಆಗುವುದಿಲ್ಲ. ಯಾವ ದಾರಿಯೂ ಇನ್ನೂ ತೋಚದವರು ಮೊದಲು ಇದನ್ನು ಮಾಡಿಕೊಂಡು ಆಮೇಲೆ ಯೋಚಿಸಲಿ.

"ಸ್ಲೋ" ಅನ್ನುವ ದೂರು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಲ್ಯಾಪ್‌ಟಾಪ್ ಆನ್ ಮಾಡಿ ಐದು ನಿಮಿಷದೊಳಗೆ ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ನೋಡಿ. ಬಳಕೆ ಶೇ 100, ಆದರೆ ಓದುವ ವೇಗ ಸೆಕೆಂಡಿಗೆ ಒಂದೆರಡು ಎಂಬಿ ಎಂದು ಕಂಡರೆ ರೋಗ ಸಿಕ್ಕಿದಂತೆ. ಆ ಕಾಲದಲ್ಲಿ ಅಗ್ಗದ ಲ್ಯಾಪ್‌ಟಾಪುಗಳು 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್ ಎಂದು ಮಾರಾಟವಾದವು. ಕೊಳ್ಳುವವರು ಟಿಬಿ ನೋಡಿದರು. ಆ ಡಿಸ್ಕು ನಿಮಿಷಕ್ಕೆ 5400 ಸುತ್ತು ತಿರುಗುವಂಥದ್ದು ಎಂಬುದನ್ನು ಯಾರೂ ಹೇಳಲಿಲ್ಲ. ಅದರ ಮುಳ್ಳು ತಟ್ಟೆಯ ಮೇಲೆ ಅಲ್ಲಿಂದಿಲ್ಲಿಗೆ ಓಡಾಡಿ ಸಣ್ಣ ಸಣ್ಣ ತುಣುಕುಗಳನ್ನು ಹೆಕ್ಕುವುದು ಸೆಕೆಂಡಿಗೆ ನೂರು ಸಲವೂ ಆಗುವುದಿಲ್ಲ. ತಿರುಗುವ ತಟ್ಟೆಯೇ ಇಲ್ಲದ, ಚಿಪ್ಪಿನಲ್ಲೇ ಫೈಲು ಇಡುವ ಸಾಧಾರಣ ಸಾಟಾ ಎಸ್‌ಎಸ್‌ಡಿ ಅದನ್ನೇ ಹತ್ತಾರು ಸಾವಿರ ಸಲ ಮಾಡುತ್ತದೆ. ವಿಂಡೋಸ್ ಶುರುವಾದೊಡನೆ ಅಪ್‌ಡೇಟ್ ಹುಡುಕುವುದು, ಆಂಟಿವೈರಸ್ ತಪಾಸಣೆ, ಫೈಲುಗಳ ಸೂಚಿ ತಯಾರಿ ಎಲ್ಲವೂ ಇಂಥ ಚೂರು ಕೆಲಸಗಳೇ. ಪ್ರೊಸೆಸರ್ ಕೈಕಟ್ಟಿ ಕುಳಿತಿರುತ್ತದೆ, ಡಿಸ್ಕು ಏದುಸಿರು ಬಿಡುತ್ತಿರುತ್ತದೆ.

ಅದಕ್ಕೇ ಹಾರ್ಡ್‌ಡಿಸ್ಕ್ ಇಟ್ಟುಕೊಂಡು ಹನ್ನೊಂದು ಹಾಕಿಸಿದವರು "ಇನ್ನೂ ಸ್ಲೋ" ಎನ್ನುವುದು ನಿಜ. ಅದೇ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿದರೆ ದೂರು ಬಹುಮಟ್ಟಿಗೆ ಅಡಗುತ್ತದೆ. ಬೇಕಾದದ್ದು 2.5 ಇಂಚಿನ, 7 ಮಿಮೀ ದಪ್ಪದ ಸಾಟಾ ಎಸ್‌ಎಸ್‌ಡಿ. ಟೈಪಿಂಗ್, ಬ್ರೌಸರ್, ಲೆಕ್ಕಪತ್ರಕ್ಕೆ 256 ಜಿಬಿ ಸಾಕು. ಫೋಟೋ, ವಿಡಿಯೊ ತುಂಬ ಇದ್ದರೆ 512. ಕೆಲವು ಮಾಡೆಲ್‌ಗಳಲ್ಲಿ ಎಂ.2 ಎಂಬ ಪುಟ್ಟ ಸ್ಲಾಟ್ ಇರುತ್ತದೆ. ಅಲ್ಲಿ ಎಚ್ಚರ ಬೇಕು: ಆ ಕಾಲದ ಎಷ್ಟೋ ಸ್ಲಾಟ್‌ಗಳು ಎಂ.2 ಸಾಟಾವನ್ನಷ್ಟೇ ಒಪ್ಪುತ್ತವೆ. ಈಗ ಅಂಗಡಿಯಲ್ಲಿ ಸಲೀಸಾಗಿ ಸಿಗುವುದು ಬೇರೆ ಬಗೆಯ ಎನ್‌ವಿಎಂಇ. ಅದು ಸ್ಲಾಟಿನಲ್ಲಿ ಕೂತರೂ ಯಂತ್ರಕ್ಕೆ ಕಾಣುವುದೇ ಇಲ್ಲ. ಮಾಡೆಲ್ ಸಂಖ್ಯೆ ಹಿಡಿದು ತಯಾರಕರ ಸರ್ವಿಸ್ ಕೈಪಿಡಿ ನೋಡದೆ ಇದನ್ನು ಕೊಳ್ಳಬಾರದು. ತೆಗೆದ ಹಾರ್ಡ್‌ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿದರೆ ಬ್ಯಾಕಪ್‌ಗೆ ಚೆನ್ನಾಗಿ ಒದಗುತ್ತದೆ.

ರ‍್ಯಾಮ್ ವಿಷಯ ಸ್ವಲ್ಪ ಬೇರೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್, ಎಷ್ಟು ತುಂಬಿದೆ ಎಂದು ಬರೆದಿರುತ್ತದೆ. 4 ಜಿಬಿ ಇದ್ದರೆ 8ಕ್ಕೆ ಏರಿಸುವುದು ಲೇಸು. ಡಿಡಿಆರ್3ಎಲ್ ಮತ್ತು ಡಿಡಿಆರ್4 ಎಂಬ ಎರಡು ಬಗೆಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಇಂಟೆಲ್‌ನ ಆರನೇ ತಲೆಮಾರಿನ ಯಂತ್ರಗಳಲ್ಲಿ ಎರಡೂ ಬಂದಿವೆ, ಹಾಗಾಗಿ ಹಳೆಯ ರ‍್ಯಾಮ್ ಬಿಚ್ಚಿ ಅಂಗಡಿಗೆ ತೋರಿಸುವುದೇ ಸುರಕ್ಷಿತ. 2025ರ ಕೊನೆಯಿಂದ ಎಐ ಸರ್ವರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿದೆ. ಎರಡಕ್ಕೂ ದುಡ್ಡಿಲ್ಲ ಎಂದಾದರೆ ಮೊದಲು ಎಸ್‌ಎಸ್‌ಡಿ, ರ‍್ಯಾಮ್ ಆಮೇಲೆ.

ಹನ್ನೊಂದಕ್ಕೆ ಯಾರು ಹೋಗಬಹುದು

ವಿಂಡೋಸ್ 11 ಕೇಳುವುದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್ಐ ಎಂಬ ಹೊಸ ರೀತಿಯ ಬೂಟ್ ವ್ಯವಸ್ಥೆ, ಅದರ ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಭದ್ರತಾ ಘಟಕ. ಜೊತೆಗೆ ಪಟ್ಟಿಯಲ್ಲಿರುವ ಪ್ರೊಸೆಸರ್. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದು. ಐ5-8250ಯು ಪಾಸ್, ಐ5-7200ಯು ಫೇಲ್. ಆ 7200ಯು ಇರುವ ಎಷ್ಟೋ ಯಂತ್ರಗಳಲ್ಲಿ ಟಿಪಿಎಂ 2.0 ಇದ್ದರೂ ಪ್ರಯೋಜನವಿಲ್ಲ.

ಎಂಟನೇ ತಲೆಮಾರಿನ ಯಂತ್ರಕ್ಕೂ "ಆಗೋದಿಲ್ಲ" ಎಂದು ಹೇಳಿ ಕಳಿಸುವುದುಂಟು. ಅಲ್ಲಿ ಎರಡು ಕಡೆ ಕೈಯಾಡಿಸಿ ನೋಡಬೇಕು. ಮೊದಲನೆಯದು ಬಯೋಸ್, ಅಂದರೆ ವಿಂಡೋಸಿಗೂ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್ಸ್: ಟಿಪಿಎಂ ಇಂಟೆಲ್ ಯಂತ್ರಗಳಲ್ಲಿ ಪಿಟಿಟಿ, ಎಎಂಡಿ ಯಂತ್ರಗಳಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅಡಗಿರುತ್ತದೆ, ಆಫ್ ಆಗಿದ್ದರೆ ಆನ್ ಮಾಡಿದರೆ ಸಾಕು. ಎರಡನೆಯದು, ಹಿಂದೆ ವಿಂಡೋಸ್ ಹಾಕಿದವರು ಲೆಗಸಿ ಎಂಬ ಹಳೆ ಬೂಟ್ ರೀತಿಯಲ್ಲಿ ಹಾಕಿರುವುದು. ವಿಂಡೋಸ್ ಕೀ ಮತ್ತು ಆರ್ ಒತ್ತಿ "ಎಂಎಸ್‌ಇನ್ಫೋ32" ಕೊಟ್ಟರೆ ಬಯೋಸ್ ಮೋಡ್ ಎದುರು ಲೆಗಸಿಯೋ ಯುಇಎಫ್ಐಯೋ ಎಂದು ಬರುತ್ತದೆ. ಲೆಗಸಿ ಆಗಿದ್ದರೆ "ಎಂಬಿಆರ್‌2ಜಿಪಿಟಿ" ಎಂಬ ವಿಂಡೋಸ್‌ನದೇ ಸಾಧನದಿಂದ ಡಿಸ್ಕನ್ನು ಫೈಲು ಅಳಿಸದೆ ಪರಿವರ್ತಿಸಿ, ಬಯೋಸ್‌ನಲ್ಲಿ ಯುಇಎಫ್ಐಗೆ ಬದಲಿಸಬಹುದು. ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದು ಬೇಡ.

ಪೆನ್‌ಡ್ರೈವಿಗೆ ಸಿಸ್ಟಂ ಬರೆಯುವ ರೂಫಸ್ ಎಂಬ ತಂತ್ರಾಂಶದ ಮೂಲಕ ತಪಾಸಣೆ ತಪ್ಪಿಸಿ ಹಳೆ ಯಂತ್ರಕ್ಕೂ ಹನ್ನೊಂದು ಹಾಕಬಹುದು. ನಡೆಯುತ್ತದೆ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಪ್ರತಿ ಸಲ ಕೈಯಾರೆ ಹಾಕಬೇಕು, ಅಪ್‌ಡೇಟ್ ಕೊಟ್ಟೇ ಕೊಡುತ್ತೇವೆಂದು ಮೈಕ್ರೋಸಾಫ್ಟ್ ಹೇಳುವುದಿಲ್ಲ. ಮಂಡಿಯ ಲೆಕ್ಕ, ಸೊಸೈಟಿಯ ಸಾಲದ ಖಾತೆ ಇರುವ ಯಂತ್ರಕ್ಕೆ ಇದು ಸಲ್ಲದು.

ಹನ್ನೊಂದರ ಬಗ್ಗೆ ನಿಜಕ್ಕೂ ಗಂಭೀರವಾದ ದೂರು ವೇಗದ್ದಲ್ಲ, ಖಾತೆಯದು. ಹೋಮ್ ಆವೃತ್ತಿಯನ್ನು ಮೊದಲ ಸಲ ಸಿದ್ಧಮಾಡುವಾಗ ಇಂಟರ್‌ನೆಟ್ಟೂ ಮೈಕ್ರೋಸಾಫ್ಟ್ ಖಾತೆಯೂ ಬೇಕು. ಗಿರಾಕಿಗೆ ಇಮೇಲ್ ಪಾಸ್‌ವರ್ಡ್ ನೆನಪಿರುವುದಿಲ್ಲ, ಅಂಗಡಿಯಲ್ಲಿ ಜನ ಕಾಯುತ್ತಿರುತ್ತಾರೆ, ಯಾವುದೋ ಒಂದು ಇಮೇಲಿನಲ್ಲಿ ಖಾತೆ ಮಾಡಿ ಕೊಟ್ಟುಬಿಡುತ್ತಾರೆ. ಇದರ ಪರಿಣಾಮ ಎರಡು.

ಒಂದು, ಒನ್‌ಡ್ರೈವ್. ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ತನ್ನೊಳಗೆ ಎಳೆದುಕೊಂಡು ಮೋಡಕ್ಕೆ, ಅಂದರೆ ಇಂಟರ್‌ನೆಟ್ಟಿನಲ್ಲಿರುವ ಮೈಕ್ರೋಸಾಫ್ಟ್‌ನ ಸಂಗ್ರಹಕ್ಕೆ, ಏರಿಸತೊಡಗುತ್ತದೆ. ಪುಕ್ಕಟೆ ಸಿಗುವುದು 5 ಜಿಬಿ. ಹೊಸನಗರದ ಒಳಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿದವರ ಆ ದಿನದ ಡೇಟಾ ಅದಕ್ಕೇ ಹೋಗುತ್ತದೆ. ಒನ್‌ಡ್ರೈವ್ ಸೆಟ್ಟಿಂಗ್ಸಿನ ಬ್ಯಾಕಪ್ ಭಾಗದಲ್ಲಿ ಮೂರೂ ಫೋಲ್ಡರುಗಳನ್ನು ಆಫ್ ಮಾಡಬಹುದು. ಹಾಗೆ ಮಾಡಿದ ಕೂಡಲೇ ಡೆಸ್ಕ್‌ಟಾಪ್ ಖಾಲಿಯಾಗಿ ಎದೆ ಧಸಕ್ಕೆನ್ನಬಹುದು; ಫೈಲುಗಳು ಒನ್‌ಡ್ರೈವ್ ಫೋಲ್ಡರಿನೊಳಗೇ ಇರುತ್ತವೆ, ಅಲ್ಲಿಂದ ಎತ್ತಿ ಹಳೆ ಜಾಗಕ್ಕೆ ಹಾಕಿಕೊಳ್ಳಬೇಕು. ಜೊತೆಗೆ, ಹಾಟ್‌ಸ್ಪಾಟ್ ವೈಫೈನ ಗುಣಲಕ್ಷಣಗಳಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿಟ್ಟರೆ ದೊಡ್ಡ ಅಪ್‌ಡೇಟುಗಳೂ ಒನ್‌ಡ್ರೈವ್‌ನ ಓಟವೂ ನಿಲ್ಲುತ್ತವೆ.

ಎರಡನೆಯದು ಇನ್ನೂ ಅಪಾಯಕಾರಿ, ಮತ್ತು ಬಹಳ ಜನಕ್ಕೆ ಗೊತ್ತಿಲ್ಲ. ಹನ್ನೊಂದರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಡಿಸ್ಕು ತಂತಾನೇ ಬೀಗಮುದ್ರೆಗೆ ಒಳಗಾಗುತ್ತದೆ, ಅಂದರೆ ಎನ್‌ಕ್ರಿಪ್ಟ್ ಆಗುತ್ತದೆ. ಅದರ 48 ಅಂಕಿಯ ರಿಕವರಿ ಕೀ ಸೇರುವುದು ಆ ಖಾತೆಗೆ. ಮುಂದೊಂದು ದಿನ ಬಯೋಸ್ ಅಪ್‌ಡೇಟ್ ಆದಾಗಲೋ ಮದರ್‌ಬೋರ್ಡ್ ಬದಲಿಸಿದಾಗಲೋ ನೀಲಿ ಪರದೆ ಬಂದು ಆ ಕೀ ಕೇಳುತ್ತದೆ. ಖಾತೆ ಯಾರದೆಂದೇ ಗೊತ್ತಿಲ್ಲದಿದ್ದರೆ ಒಳಗಿನ ಫೈಲು ಮರಳಿ ಸಿಗುವುದಿಲ್ಲ. ಯಾವ ರಿಪೇರಿಯವರೂ ತೆಗೆದುಕೊಡಲಾರರು. ಹನ್ನೊಂದು ಇರುವವರು ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿಗೆ ಹೋಗಿ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ. ಇದ್ದರೆ ಕೀಯನ್ನು ಕಾಗದದ ಮೇಲೆ ಬರೆದು ಜಮೀನಿನ ಪತ್ರಗಳ ಜೊತೆ ಇಡಿ, ಇಲ್ಲವೇ ಎನ್‌ಕ್ರಿಪ್ಶನ್ ಆಫ್ ಮಾಡಿ. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಓಡಾಡುವುದಾದರೆ ಬೀಗ ಇರುವುದೇ ಒಳ್ಳೆಯದು.

ಮಳೆಗಾಲ ಮತ್ತು ಕರೆಂಟು

ಮಲೆನಾಡಿನ ಎಷ್ಟೋ ಲ್ಯಾಪ್‌ಟಾಪುಗಳು ಬ್ಯಾಟರಿ ಸತ್ತ ಮೇಲೂ ವೈರಿನ ಮೇಲೇ ಓಡುತ್ತವೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋದಾಗ ಅಪ್‌ಡೇಟ್ ನಡುವೆಯೇ ಯಂತ್ರ ಆರಿಹೋದರೆ ಸಿಸ್ಟಂ ಫೈಲು ಅರ್ಧ ಬರೆದಲ್ಲಿಗೆ ನಿಲ್ಲುತ್ತದೆ. ಮುಂದೆ ಆನ್ ಮಾಡಿದಾಗ ಆಟೊಮ್ಯಾಟಿಕ್ ರಿಪೇರಿ ಎಂದು ಸುತ್ತುತ್ತಲೇ ಇರುತ್ತದೆ. ಜನ "ವಿಂಡೋಸ್ ಕರಪ್ಟ್ ಆಯ್ತು" ಎನ್ನುವುದರಲ್ಲಿ ಇಂಥವೂ ಇವೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ "ಪವರ್‌ಸಿಎಫ್‌ಜಿ", ಒಂದು ಖಾಲಿ ಜಾಗ, ಓರೆಗೀಟು, "ಬ್ಯಾಟರಿರಿಪೋರ್ಟ್" ಎಂದು ಇಂಗ್ಲಿಷಿನಲ್ಲಿ ಕೊಟ್ಟರೆ ಒಂದು ವರದಿ ತಯಾರಾಗುತ್ತದೆ. ಫುಲ್ ಚಾರ್ಜ್ ಕೆಪಾಸಿಟಿ ಡಿಸೈನ್ ಕೆಪಾಸಿಟಿಯ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಬ್ಯಾಟರಿ ಬದಲಿಸುವ ಯೋಚನೆ ಮಾಡಬೇಕು. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದೇ ಅರ್ಥ, ಅಂಥ ಯಂತ್ರವನ್ನು ಒಂದು ದಿನವೂ ಚಾರ್ಜಿಗೆ ಹಾಕಬಾರದು.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಅಡಾಪ್ಟರ್ ಜೊತೆ ಲ್ಯಾನ್ ಕೇಬಲನ್ನೂ ಕೀಳಬೇಕು. ಸಿಡಿಲಿನ ಹೊಡೆತ ತಂತಿ ಯಾವುದೆಂದು ನೋಡುವುದಿಲ್ಲ. ಜುಲೈನ ತೇವಕ್ಕೆ ಲ್ಯಾಪ್‌ಟಾಪನ್ನು ಬೀರುವಿನಲ್ಲಿ ಮುಚ್ಚಿಡುವುದಕ್ಕಿಂತ ವಾರದಲ್ಲಿ ಎರಡು ಮೂರು ಸಲ ಒಂದೊಂದು ಗಂಟೆ ಓಡಿಸುವುದು ಮೇಲು, ಒಳಗಿನ ಬಿಸಿಯೇ ಪಸೆಯನ್ನು ಆರಿಸುತ್ತದೆ. ಮಳೆಗಾಲ ಮುಗಿದ ಮೇಲೆ ಆನ್ ಆಗದೆ ಬರೀ ಬೀಪ್ ಕೊಡುತ್ತಿದ್ದರೆ ರ‍್ಯಾಮ್ ತೆಗೆದು ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿ ನೋಡಬೇಕು.

ಲಿನಕ್ಸ್, ಕನ್ನಡ ಮತ್ತು ಹಳೆಯ ಫೈಲುಗಳು

ಏಳನೇ ತಲೆಮಾರು ಮತ್ತು ಅದಕ್ಕಿಂತ ಹಿಂದಿನ ಯಂತ್ರಗಳಿಗೆ ಲಿನಕ್ಸ್ ಮಿಂಟ್ ಒಳ್ಳೆಯ ಆಯ್ಕೆ. ಅದರ 22ನೇ ಸರಣಿಗೆ 2029ರ ಏಪ್ರಿಲ್‌ವರೆಗೆ ಭದ್ರತಾ ಅಪ್‌ಡೇಟ್ ಇದೆ, ಖಾತೆ ಕೇಳುವುದಿಲ್ಲ, 4 ಜಿಬಿ ರ‍್ಯಾಮ್‌ನಲ್ಲಿ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರಾಗಿ ಓಡುತ್ತದೆ. ಆದರೆ ಯಾರು ಹೋಗಬಾರದು ಎಂಬುದನ್ನು ಮೊದಲು ಹೇಳಬೇಕು. ಟ್ಯಾಲಿಯಲ್ಲಿ ಲೆಕ್ಕ ಇಡುವ ಮಂಡಿ, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಜಿಎಸ್‌ಟಿ ಸಲ್ಲಿಸುವ ಕಚೇರಿ, ಆಧಾರ್ ಬೆರಳಚ್ಚು ಯಂತ್ರ ಇಟ್ಟ ಸೇವಾಕೇಂದ್ರ, ಇವರೆಲ್ಲ ವಿಂಡೋಸಿನಲ್ಲೇ ಉಳಿಯುವುದು ಕ್ಷೇಮ. ಪ್ರಿಂಟರಿನಲ್ಲೂ ತೊಡಕಿದೆ. ಡಿಟಿಪಿ ಅಂಗಡಿಗಳ ನೆಚ್ಚಿನ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನಲ್ಲಿ ಬಹಳ ಸತಾಯಿಸುತ್ತದೆ. ಎಚ್‌ಪಿ ಲೇಸರ್‌ಜೆಟ್ 1020 ಕೆಲಸ ಮಾಡುತ್ತದೆ, ಆದರೆ ಎಚ್‌ಪಿಯ ಹೆಚ್ಚುವರಿ ಪ್ಲಗಿನ್ ಹಾಕಿದರೆ ಮಾತ್ರ.

ಉಳಿದವರು, ಅಂದರೆ ಬ್ರೌಸರ್, ಇಮೇಲ್, ಪಾಠ, ಟೈಪಿಂಗ್ ಇಷ್ಟೇ ಇರುವವರು, ಏನೂ ಅಳಿಸದೆ ಪರೀಕ್ಷಿಸಿ ನೋಡಬಹುದು. ಸುಮಾರು 3 ಜಿಬಿಯ ಫೈಲನ್ನು 8 ಜಿಬಿ ಪೆನ್‌ಡ್ರೈವಿಗೆ ರೂಫಸ್‌ನಿಂದ ಬರೆದು, ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಒತ್ತಿ ಅದರಿಂದ ಶುರುಮಾಡಿದರೆ ಪೂರ್ತಿ ಸಿಸ್ಟಂ ಪೆನ್‌ಡ್ರೈವಿನಿಂದಲೇ ಓಡುತ್ತದೆ. ವೈಫೈ, ಶಬ್ದ, ಮುಚ್ಚಿ ತೆರೆದಾಗ ಎಚ್ಚರಾಗುವುದು, ಪ್ರಿಂಟರ್, ಈ ನಾಲ್ಕನ್ನು ಅಲ್ಲೇ ನೋಡಿಬಿಡಬೇಕು. ವೈಫೈ ಕಾಣದಿದ್ದರೆ ಬಹುಶಃ ಬ್ರಾಡ್‌ಕಾಮ್ ಚಿಪ್ಪು. ಫೋನನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ ಸಿಗುತ್ತದೆ.

ಕನ್ನಡ ಟೈಪಿಂಗ್‌ಗೆ ಸಾಫ್ಟ್‌ವೇರ್ ಮ್ಯಾನೇಜರಿನಿಂದ ಐಬಸ್ ಮತ್ತು ಐಬಸ್-ಎಂ17ಎನ್ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬಂದು ಕನ್ನಡದಡಿ ಕೆಜಿಪಿ ಎಂಬುದನ್ನು ಸೇರಿಸಬೇಕು. ಅದು ನುಡಿಯಲ್ಲಿರುವ ಕೆ.ಪಿ. ರಾವ್ ಅವರ ವಿನ್ಯಾಸವೇ: ಒತ್ತಕ್ಷರಕ್ಕೆ ಎಫ್, ಟಕಾರಕ್ಕೆ ಕ್ಯೂ, ಡಕಾರಕ್ಕೆ ಡಬ್ಲ್ಯು. "ಕನ್ನಡ" ಎಂದರೆ ಕೆ, ಎನ್, ಎಫ್, ಎನ್, ಡಬ್ಲ್ಯು. ನುಡಿಯಲ್ಲಿ ಬೆರಳು ಪಳಗಿದವರು ಏನನ್ನೂ ಹೊಸದಾಗಿ ಕಲಿಯಬೇಕಿಲ್ಲ. ಲಿಬ್ರೆಆಫೀಸಿನಲ್ಲಿ ಒಂದು ಮಾತ್ರ ನೆನಪಿಡಬೇಕು: ಅದು ಕನ್ನಡವನ್ನು ಸಿಟಿಎಲ್ ಎಂಬ ಬೇರೆ ಗುಂಪಿನಲ್ಲಿ ಇಡುತ್ತದೆ. ಭಾಷೆಯ ಸೆಟ್ಟಿಂಗ್ಸಿನಲ್ಲಿ ಅದನ್ನು ಆನ್ ಮಾಡಿ, ಸ್ಟೈಲಿನಲ್ಲಿ ಕನ್ನಡದ ಫಾಂಟ್ ಮತ್ತು ಅಳತೆಯನ್ನು ಪ್ರತ್ಯೇಕವಾಗಿ ಕೊಡಬೇಕು. ಇಲ್ಲದಿದ್ದರೆ ಇಂಗ್ಲಿಷ್ 14ರಲ್ಲಿ, ಕನ್ನಡ 12ರಲ್ಲಿ ಉಳಿದು ಸಾಲು ಅಂಕುಡೊಂಕಾಗುತ್ತದೆ.

ನಿಜವಾದ ಕಗ್ಗಂಟು ಹಳೆಯ ಫೈಲುಗಳದು. ನುಡಿ, ಬರಹ ತಂತ್ರಾಂಶಗಳಲ್ಲಿ ಹಿಂದೆ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ನಡಾವಳಿ, ಪಾಲುಪಟ್ಟಿಯ ಕರಡು, ಪ್ರಬಂಧಗಳ ಒಳಗೆ ಕಂಪ್ಯೂಟರಿನ ದೃಷ್ಟಿಯಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರ ಬಿಡಿಸಿದೆ, ಅಷ್ಟೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ, ಫೋನಿನಲ್ಲಿ ಅದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಹುಡುಕಿದರೆ ಒಂದು ಹೆಸರೂ ಸಿಗುವುದಿಲ್ಲ. ನುಡಿಯ ಫಾಂಟ್ ಫೈಲುಗಳನ್ನು ಲಿನಕ್ಸಿಗೂ ಹಾಕಿಕೊಂಡರೆ ಓದಲು, ಪ್ರಿಂಟ್ ತೆಗೆಯಲು ಆಗುತ್ತದೆ. ತಿದ್ದಲು ಆಗುವುದಿಲ್ಲ, ಏಕೆಂದರೆ ಈಗ ಕೀಬೋರ್ಡಿನಿಂದ ಬರುವುದು ಕನ್ನಡಕ್ಕೇ ಪ್ರತ್ಯೇಕ ಸಂಕೇತಗಳಿರುವ ಯುನಿಕೋಡ್.

ಆದ್ದರಿಂದ ಪರಿವರ್ತನೆ ಆಗಲೇಬೇಕು. ಆಸ್ಕಿಯಿಂದ ಯುನಿಕೋಡಿಗೆ ತರುವ ಪರಿವರ್ತಕಗಳು ಪುಕ್ಕಟೆ ಇವೆ, ಆದರೆ ಕಣ್ಣುಮುಚ್ಚಿ ನಂಬುವಂತಿಲ್ಲ. "ಧರ್ಮ" ಪದವನ್ನು ಆಸ್ಕಿಯಲ್ಲಿ ಧ, ಮ, ಆಮೇಲೆ ಅರ್ಕಾವೊತ್ತು ಎಂದು ಕಂಡ ಕ್ರಮದಲ್ಲೇ ಕೂಡಿಸಿರುತ್ತಾರೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ: ಧ, ರ್, ಮ. ಪರಿವರ್ತಕ ರಕಾರವನ್ನು ಹಿಂದಕ್ಕೆ ಎತ್ತಿ ಇಡಬೇಕು, ಒತ್ತಕ್ಷರದ ಮೇಲೆ ಅರ್ಕಾವೊತ್ತು ಇದ್ದಲ್ಲಿ ಎಡವುತ್ತದೆ. ಇನ್ನೊಂದು, ಕಡತದ ನಡುವೆ ಇರುವ ಇಂಗ್ಲಿಷ್ ಪದಗಳು. ಸಂಕೇತ ಒಂದೇ ಆದ್ದರಿಂದ ಅವೂ ಕನ್ನಡವೆಂದು ತಿಳಿದು ಏನೇನೋ ಆಗಿಬಿಡುತ್ತವೆ. ಸರ್ವೆ ದಾಖಲೆಯ ಇಂಗ್ಲಿಷ್ ಸಂಕ್ಷಿಪ್ತಗಳು, ಇಮೇಲ್ ವಿಳಾಸಗಳು ಹೀಗೆಯೇ ಹಾಳಾಗುವುದು. ಮೂಲ ಫೈಲನ್ನು ಮುಟ್ಟದೆ ನಕಲಿನ ಮೇಲೆ, ಪುಟ ಪುಟವಾಗಿ ಪರಿವರ್ತಿಸಿ, ಈ ಎರಡನ್ನು ಕಣ್ಣಿಟ್ಟು ತಿದ್ದಬೇಕು. ಸಹಿಯಾಗಿ ಮುಗಿದ ಪತ್ರಗಳನ್ನು ಪರಿವರ್ತಿಸುವ ಗೋಜು ಬೇಡ. ನುಡಿ ಇರುವ ಯಂತ್ರದಲ್ಲೇ ಫಾಂಟ್ ಸಮೇತ ಪಿಡಿಎಫ್ ಮಾಡಿಟ್ಟರೆ ಎಲ್ಲಿ ಬೇಕಾದರೂ ಇದ್ದಂತೆಯೇ ಕಾಣುತ್ತವೆ. ಮುಂದೆಯೂ ತಿದ್ದಬೇಕಾದ ಮಾದರಿ ಪತ್ರಗಳು, ಸದಸ್ಯರ ಪಟ್ಟಿಗಳು ಮೊದಲು ಯುನಿಕೋಡಿಗೆ ಬರಲಿ.

ಮದುವೆ ಕಾಗದ, ಕರಪತ್ರ ಮಾಡುವ ಪ್ರೆಸ್ಸುಗಳ ಪಾಡು ಬೇರೆ. ಪುಟವಿನ್ಯಾಸದ ಹಳೆ ತಂತ್ರಾಂಶ ಪೇಜ್‌ಮೇಕರ್ 7ಕ್ಕೆ ಯುನಿಕೋಡ್ ತಿಳಿಯದು, ಅದರ ವಿನ್ಯಾಸಗಳನ್ನೆಲ್ಲ ಹೊಸದಾಗಿ ಕಟ್ಟುವುದು ವರ್ಷಗಳ ಕೆಲಸ. ಅಂಥಲ್ಲಿ ವಿಂಡೋಸ್ 10 ಯಂತ್ರವನ್ನೇ ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ ಕಿತ್ತು, ಪೇಜ್‌ಮೇಕರಿಗೆಂದೇ ಮೀಸಲಿಡುವುದು ತಪ್ಪಲ್ಲ. ಇಮೇಲ್, ವಾಟ್ಸ್ಆಪ್‌ನಲ್ಲಿ ಬರುವ ಫೈಲುಗಳನ್ನು ಇನ್ನೊಂದು ಯಂತ್ರದಲ್ಲಿ ತೆರೆದು, ಸ್ಕ್ಯಾನ್ ಮಾಡಿ, ಅದಕ್ಕೆಂದೇ ಇಟ್ಟ ಒಂದು ಪೆನ್‌ಡ್ರೈವಿನಲ್ಲಿ ದಾಟಿಸಬೇಕು. ಗಿರಾಕಿಗಳು ತಂದ ಪೆನ್‌ಡ್ರೈವನ್ನು ನೇರವಾಗಿ ಆ ಯಂತ್ರಕ್ಕೆ ಚುಚ್ಚಿದರೆ ಕೇಬಲ್ ಕಿತ್ತದ್ದೂ ದಂಡ.